ಅಮ್ಮನ ಮದುವೆಗೆ ಜಾಗ

ಅಪ್ಪಾ, ನೀನು ತೀರಿಕೊಂಡ ಮೇಲೂ ಮನೆಯ ಸುದ್ದಿಯೆಲ್ಲ ನಿನಗೇ ಬರೆಯುತ್ತೇನೆ, ಇದೊಂದನ್ನು ಮುಚ್ಚಿಡಲಾರೆ. ಅಮ್ಮ ಮತ್ತೆ ಮದುವೆಯಾಗುತ್ತಿದ್ದಾಳೆ, ಸ್ಕೂಲ್ ಬಸ್ ಓಡಿಸುವವರೊಬ್ಬರನ್ನು. ಛತ್ರದ ಬಾಡಿಗೆ ಕೈಗೆಟುಕಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚೋಣವೆಂದು ಅಮ್ಮ ನಮ್ಮ ನಡುಮನೆಯನ್ನೇ ಗೊತ್ತು ಮಾಡಿದಳು. ಇವತ್ತು ಇಬ್ಬರೂ ಜಾಗ ಅಳೆಯುತ್ತಿದ್ದರೆ, ನಾನು ಕೂತಲ್ಲಿ ಕೂರಲಾಗದೆ ಒಳಗೂ ಹೊರಗೂ ಓಡಾಡುತ್ತಿದ್ದೆ.

"ಈ ಮಂಚ ತೆಗೆದ್ರೆ ಇನ್ನೂ ಹತ್ತು ಜನ ಕೂರಬಹುದು," ಅಂದಳು ಅಮ್ಮ. ನೀನು ಕೊನೆಯವರೆಗೂ ಮಲಗಿದ್ದ ಮಂಚ.

"ಅದು ಇರ್ಲಿ ಬಿಡಿ," ಅಂದರು ಅವರು. "ನನ್ನ ಕಡೆಯವರನ್ನೇ ಹತ್ತು ಜನ ಕಮ್ಮಿ ಕರೀತೀನಿ."

ಅಮ್ಮ ಅಡುಗೆಮನೆಗೆ ಹೋದಳು. ಅವರು ಚಪ್ಪಲಿ ಮೆಟ್ಟುವಾಗ, ಏನೆಂದು ಕರೆಯಬೇಕೋ ತಿಳಿಯದೆ, "ಊಟ ಮಾಡ್ಕೊಂಡು ಹೋಗಿ" ಅಂದುಬಿಟ್ಟೆ. ಅವರ ಜೊತೆ ನಾನಾಡಿದ ಮೊದಲ ಮಾತು. ನಾನೇ ಬಡಿಸಿದೆ, ಅಪ್ಪಾ.