ಕುರುಗೋಡು ಕಲ್ಲಿನ ಕೂದಲು

ಬಳ್ಳಾರಿ, 1893

ಸಿರುಗುಪ್ಪದಲ್ಲಿರುವ ತೀರ್ಥರೂಪರಿಗೆ ಪ್ರಹ್ಲಾದನ ನಮಸ್ಕಾರಗಳು.

ವಿಧವೆಯಾದ ತಂಗಿ ವೆಂಕೂಬಾಯಿಯ ತಲೆ ಬೋಳಿಸಲು ಬುಧವಾರ ಕ್ಷೌರಿಕನನ್ನು ಕರೆಸಿದ್ದೀರೆಂದು ತಿಳಿಯಿತು. ಮೊದಲು ಬೇಡವೆಂದಿದ್ದ ನೀವು ಮನಸ್ಸು ಬದಲಿಸಿದ್ದು ರಾಘಣ್ಣ ಕಾಕಾ ಕುರುಗೋಡು ಬೆಟ್ಟದಿಂದ ತಂದ ಸ್ಫಟಿಕದಿಂದ.

“ನೋಡ್ರಿ, ತಲಿ ಬೋಳಿಸಿಕೊಳ್ಳದ ವಿಧವಿ ಕೂದಲ ಕಲ್ಲಾಗ ಸಿಕ್ಕೊಂಡದ. ನಮ್ಮ ಹುಡುಗಿಗೂ ಇದೇ ಗತಿ” ಎಂದು ಅವರು ಹೆದರಿಸಿದಾಗ ನಾನೂ ಅಲ್ಲಿದ್ದೆ. ವೆಂಕೂ ಅಡಿಗೆಮನೆಯಿಂದಲೇ, “ಕಾಕಾ, ಆಕಿ ಯಾವ ಎಣ್ಣಿ ಹಚ್ಚತಿದ್ದಳು ಕೇಳ್ರಿ, ಭಾಳ ಹೊಳೀತಾವ” ಎಂದಳು. ನೀವು ನಗಲಿಲ್ಲ.

ಆ ಕಲ್ಲನ್ನು ಇಲ್ಲಿಗೆ ತಂದು ಪರೀಕ್ಷಿಸಿದೆ. ಅದರ ಅಂಚು ಒಡೆದು ಒಂದು ಎಳೆ ಬಿಡಿಸಿ ದೀಪಕ್ಕೆ ಹಿಡಿದರೆ ಸುಡಲಿಲ್ಲ, ನಾತ ಬರಲಿಲ್ಲ. ಇದು ರೂಟೈಲ್ ಎಂಬ ಖನಿಜ, ಟೈಟಾನಿಯಂ ಲೋಹದ ಆಕ್ಸೈಡು. ಹಳೆಯ ಬೆಟ್ಟಗಳ ಬಂಡೆಯಲ್ಲೂ ಹಳ್ಳದ ಮರಳಲ್ಲೂ ದೊರೆಯುತ್ತದೆ, ಸ್ಫಟಿಕದೊಳಗೆ ಚಿನ್ನದ ಸೂಜಿಗಳಂತೆ ಕಾಣುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಎಳೆಗಳಿಗೆ ನಾಲ್ಕು ಮೂಲೆಗಳಿವೆ. ಕೆಲವು ಮೊಣಕಾಲಿನಂತೆ ಬಾಗಿ ಜೋಡಿಯಾಗಿವೆ. ಯಾವ ಹೆಂಗಸಿನ ಕೂದಲಿಗೆ ಮೊಣಕಾಲಿರುತ್ತದೆ, ಅಪ್ಪಾ?

ಶಾಪವಿಲ್ಲವಾದರೂ ಸಂಪ್ರದಾಯವಿದೆಯಲ್ಲ ಎನ್ನುವಿರಿ. ಅದಕ್ಕೆ ಬಂಧುಗಳ ಮುಂದೆ ನಾನು ಉತ್ತರ ಕೊಡುತ್ತೇನೆ. ಊಟದ ಪಂಕ್ತಿಯಿಂದ ಯಾರನ್ನಾದರೂ ಎಬ್ಬಿಸುವುದಾದರೆ ನನ್ನನ್ನು ಎಬ್ಬಿಸಲಿ.

ಮಂಗಳವಾರ ಗಾಡಿ ತರುತ್ತೇನೆ. ವೆಂಕೂ ನನ್ನ ಮನೆಯಲ್ಲಿದ್ದು ಓದು ಕಲಿಯುತ್ತಾಳೆ. ಈ ಪತ್ರವನ್ನು ಅವಳಿಗೂ ಓದಿ ಹೇಳಿ. ಕ್ಷೌರಿಕನಿಗೆ ಬೇಡವೆಂದು ಹೇಳಿಕಳುಹಿಸಿ. ಅವಳ ಸೀರೆಗಳನ್ನು ಗಂಟು ಕಟ್ಟಿಸಿಡಿ, ಬಾಚಣಿಗೆಯನ್ನು ಮರೆಯಬೇಡಿ.

ಮಾತು ಕೇಳದಿದ್ದರೂ ನಿಮ್ಮವನೇ ಆದ ಮಗ,
ಪ್ರಹ್ಲಾದ