ವಫ್ರಾ ರಸ್ತೆಯಲ್ಲಿ ಕ್ಯಾಪ್ರಿಸ್

ಸಾಲ್ಮಿಯಾ, ಕುವೈತ್
16 ಸೆಪ್ಟೆಂಬರ್ 2025

ಪ್ರೀತಿಯ ತಮ್ಮ ಬ್ರಯಾನನಿಗೆ,

ನೀವೆಲ್ಲ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನೀನು ಮೂರು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಕ್ಷಮಿಸು. ಫೋನಿನಲ್ಲಾದರೆ ನೀನು ಎಂದಿನಂತೆ ಮೊದಲು "ಗಾಡಿ ಹೇಗುಂಟು?" ಎಂದು ಕೇಳುತ್ತೀ. ನಾನು ಅದನ್ನೇ ಹೇಳುತ್ತಾ ಉಳಿದದ್ದನ್ನು ನುಂಗಿಬಿಡುತ್ತೇನೆ. ಅದಕ್ಕೇ ಈ ಕಾಗದ.

ಗಾಡಿ ಚೆನ್ನಾಗಿದೆ. ಎಂಬತ್ತೆಂಟರ ಅಮೆರಿಕನ್ ಕ್ಯಾಪ್ರಿಸ್, ಈಗ ಮೂವತ್ತೇಳು ವರ್ಷ. "ಒಂದು ಸಣ್ಣ ಜಪಾನಿ ಕಾರು ತೆಗೊಳ್ಳಿ ಮಾರಾಯ್ರೆ, ಇದಕ್ಕೆ ಪಾರ್ಕಿಂಗಿಗೆ ಎರಡು ಜಾಗ ಬೇಕು" ಎಂದು ನಿನ್ನ ಅತ್ತಿಗೆ ಕ್ಯಾಥರಿನ್ ಗೊಣಗುತ್ತಲೇ ಇದ್ದಾಳೆ. ಅಪ್ಪ ಇಲ್ಲಿ ಡ್ರೈವರಾಗಿದ್ದಾಗ ಕೆಲಸ ಕೊಟ್ಟ ಕಫೀಲನ ಓಲ್ಡ್ಸ್‌ಮೊಬೈಲಿಗೆ ಒರಗಿ ತೆಗೆಸಿಕೊಂಡ ಫೋಟೋ ನೋಡಿ ನಮಗಿಬ್ಬರಿಗೂ ಹಿಡಿದ ಹುಚ್ಚು ಅವಳಿಗೆ ಹೇಗೆ ಅರ್ಥವಾಗಬೇಕು?

ಕಳೆದ ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ನಿನ್ನ ಮಗಳು ಆಶ್ಲಿಯನ್ನು ಕರೆದುಕೊಂಡು ವಫ್ರಾಕ್ಕೆ ಹೋಗಿದ್ದೆ. ಅಲ್ಲಿ ತೋಟ ನೋಡಿಕೊಳ್ಳುವ ಉಮ್ಮರ್ ಕುಂಞಿ "ಒಂದು ಹಳೆ ಬ್ಯೂಕ್ ಗಾಡಿ ಉಂಟು, ಬಂದು ನೋಡಿ" ಎಂದಿದ್ದ. ಆಸ್ಪತ್ರೆಯ ಡ್ಯೂಟಿಯಿಂದ ದಣಿದಿದ್ದರೂ ಆಶ್ಲಿ ನಗುತ್ತಲೇ ಬಂದಳು.

ಹಿಂದಿರುಗುವಾಗ ಹಸಿರುಮನೆಗಳ ಸಂದಿಯಿಂದ ಸೈಕಲ್ಲಿನಲ್ಲಿ ಒಬ್ಬ ಕೆಲಸಗಾರ ದಿಢೀರನೆ ರಸ್ತೆಗೆ ಬಂದ. ಬ್ರೇಕ್ ಒತ್ತಿದೆ. ರಸ್ತೆಯ ಮೇಲೆಲ್ಲ ಮರಳು, ಗಾಡಿ ಜಾರುತ್ತಲೇ ಹೋಯಿತು. ಅವನು ಸೈಕಲ್ ಸಮೇತ ಬಾನೆಟ್ಟಿನ ಮುಂದೆ ಬಿದ್ದ. ಆ ಉದ್ದ ಬಾನೆಟ್ಟಿನಾಚೆ ನನಗೆ ಏನೂ ಕಾಣಿಸಲಿಲ್ಲ.

ಆಶ್ಲಿ ಹಾರಿ ಇಳಿದಳು. ನನಗೆ ಏಳಲಾಗಲಿಲ್ಲ.

"ಅಂಕಲ್, ಇವರಿಗೆ ಏನೂ ಆಗ್ಲಿಲ್ಲ! ಮೊಣಕಾಲು ತರಚಿದ್ದು ಅಷ್ಟೇ!"

ಅವನು ಎದ್ದು ಬಂದು ನನ್ನ ಮುಖ ನೋಡಿದ. "ಕುಛ್ ನಹೀ ಹುವಾ, ಭಾಯಿ" ಎಂದು ನನಗೇ ಧೈರ್ಯ ಹೇಳಿದ.

ಅವನನ್ನು ತೋಟಕ್ಕೆ ಬಿಟ್ಟು ಹೊರಟೆವು. ಇಪ್ಪತ್ತೇಳು ವರ್ಷ ಹಿಂದೆ ಇಲ್ಲಿಯ ಸಬ್ಹಾನ್ ರಸ್ತೆಯಲ್ಲಾದ ಆ ಅಪಘಾತದ ಬಗ್ಗೆ ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಡುವುದಿಲ್ಲ. ಅವತ್ತು ಆಶ್ಲಿ ಬಾಯಿಬಿಟ್ಟಳು.

"ಪಪ್ಪ ಸಬ್ಹಾನಿನಲ್ಲಿ ಹೀಗೇ ಬ್ರೇಕ್ ಹಾಕಿದ್ರಾ ಅಂಕಲ್? ಅಥವಾ ಜನ ಹೇಳಿದ ಹಾಗೆ ಕುಡಿದಿದ್ರಾ? ಶಾಲೆಯಲ್ಲಿ ನನ್ನನ್ನು ಜೈಲಿನವನ ಮಗಳು ಅಂತಿದ್ರು. ಪಪ್ಪನ ಹತ್ರ ಕೇಳ್ಲಿಕ್ಕೆ ನಂಗೆ ಒಂದು ದಿನವೂ ಧೈರ್ಯ ಬರ್ಲಿಲ್ಲ."

ಗಾಡಿಯನ್ನು ಬದಿಗೆ ನಿಲ್ಲಿಸಿ ಉತ್ತರ ಹೇಳಿದೆ. ಹಾಸ್ಟೆಲಿನ ಗೇಟಿನಲ್ಲಿ ಇಳಿದು ಹೋದವಳು ನಾಲ್ಕು ದಿನದಿಂದ ನನ್ನ ಫೋನ್ ಎತ್ತಿಲ್ಲ. ಹಾಸ್ಟೆಲಿಗೆ ಹೋದರೆ ಕೆಳಗೆ ಇಳಿದು ಬರುವುದಿಲ್ಲ. ಡ್ಯೂಟಿಗೆ ಹೋಗುತ್ತಿದ್ದಾಳಂತೆ, ಊಟ ಮಾಡುತ್ತಿದ್ದಾಳಂತೆ, ನೀನು ಗಾಬರಿಯಾಗಬೇಡ.

ದೇವರು ನಿನ್ನ ಮನೆಯನ್ನು ಕಾಯಲಿ. ಆ ಮಗುವಿಗೆ ಒಳ್ಳೆಯದಾಗಲಿ.

ನಿನ್ನ ಅಣ್ಣ,
ಮಥಾಯಸ್

ತಾ.ಕ.: ಅವಳಿಗೆ ನಿಜ ಹೇಳಿದೆ. ತೊಂಬತ್ತೆಂಟರಲ್ಲಿ ಸಬ್ಹಾನಿನಲ್ಲಿ ನಮ್ಮ ಗಾಡಿಗೆ ಸಿಕ್ಕಿ ಆ ಮನುಷ್ಯ ಸತ್ತಾಗ ಗಾಡಿ ಓಡಿಸುತ್ತಿದ್ದವನು ನಾನು, ನೀನು ಪಕ್ಕದಲ್ಲಿದ್ದೆ ಎಂದೆ. ನನ್ನ ಲೈಸೆನ್ಸ್ ಮುಗಿದಿತ್ತು, ಕ್ಯಾಥರಿನ್ ಏಳು ತಿಂಗಳ ಬಸುರಿ. "ನೀನು ಈಚೆ ಸರಿ ಅಣ್ಣಾ, ನಾನು ಒಪ್ಪಿಕೊಳ್ತೇನೆ" ಎಂದೆಯಲ್ಲ, ಆ ಗಾಡಿಯ ಮುಂದಿನದು ಒಂದೇ ಉದ್ದ ಸೀಟು, ಬಾಗಿಲು ಕೂಡ ತೆರೆಯದೆ ನಾನು ನಿನ್ನ ಜಾಗಕ್ಕೆ ಸರಿದೆ. ನಿನಗೆ ಎಂಟು ತಿಂಗಳು ಜೈಲು, ಆಮೇಲೆ ಗಡೀಪಾರು. ಪೊಲೀಸರು ನಿನ್ನನ್ನು ಕರೆದೊಯ್ಯುವಾಗಲೂ ನಾನು ಬಾಯಿಬಿಡಲಿಲ್ಲ. ಆಶ್ಲಿ ಕೇಳಿದರೆ ಈ ಸಲವೂ ನನ್ನನ್ನು ಉಳಿಸಲು ಹೋಗಬೇಡ. ಅಣ್ಣನಿಗೆ ವಯಸ್ಸಾಯಿತು, ಏನೋ ಹೇಳುತ್ತಾನೆ ಎನ್ನಬೇಡ. ಹೌದು ಎನ್ನು.