ಮಾಧವರಂ ನಕ್ಷೆಯ ಖಾಲಿ ಚೌಕ

ವೆಸ್ಟ್ ಮಾಂಬಲಂ, ಚೆನ್ನೈ

ಕಮಲಾಕರ ಸರ್ ಅವರಿಗೆ ಸಿದ್ಧಲಿಂಗೇಶರ ಹೆಂಡತಿ ಶಿಲ್ಪಶ್ರೀಯ ಶರಣಾರ್ಥಿ.

ನಿಮ್ಮ ಲ್ಯಾಬಿಗಾಗಿ ಅವರು ಮಾಡಿದ ಮಾಧವರಂ ನೆರೆಹಾವಳಿಯ ನಕ್ಷೆಯನ್ನು, ಲೆಕ್ಕದ ಸಾಫ್ಟ್‌ವೇರ್ ಓದುವಂತೆ, ಚೌಕಕ್ಕೊಂದು ನೀರಿನ ಆಳದ ಅಂಕಿಯಾಗಿಸಿ ಕಳಿಸಿದ್ದೇನೆ.

ಒಂದು ಚೌಕ ಮಾತ್ರ ಖಾಲಿಯಿತ್ತು. "ಆ ಒಂದು ಸಂದು ಬಾಕಿ ಕಣೇ, ಅಳತೆ ತಗೊಂಡು ಬಂದ್ಬಿಡ್ತೀನಿ, ಸಾಂಬಾರ್ ಬಿಸಿ ಮಾಡಿಡು" ಎಂದು ಹೋದವರು, ನೀರಿನೊಳಗೆ ಬಿದ್ದಿದ್ದ ಕರೆಂಟ್ ತಂತಿ ತುಳಿದು ಅಲ್ಲೇ ಹೋಗಿಬಿಟ್ಟರು.

ಅಕ್ಕಪಕ್ಕದ ಅಂಕಿಗಳ ಸರಾಸರಿ ಹಾಕಿದರೆ ಸಾಕೆಂದು ನೀವು ಹೇಳಿದಿರಿ. ನನಗೆ ಮನಸ್ಸು ಬರಲಿಲ್ಲ. ನಿನ್ನೆ ಅಲ್ಲಿಗೆ ಹೋಗಿ, ಗೋಡೆಯ ಮೇಲೆ ನೀರು ಉಳಿಸಿದ ಕಲೆಯವರೆಗೆ ಟೇಪು ಹಿಡಿದೆ. ಅದನ್ನೂ ಅವರ ಹೆಸರಿನಲ್ಲೇ ಸೇರಿಸಿಕೊಳ್ಳಿ.

ಅರವತ್ತೆರಡು ಸೆಂಟಿಮೀಟರ್. ಮೊಣಕಾಲಿಗಿಂತ ತುಸು ಮೇಲೆ, ಅಷ್ಟೇ ಸರ್.

ಇಂತಿ,
ಶಿಲ್ಪಶ್ರೀ